ತಂಗಿ ಪುಣೆಯಲ್ಲಿ ಕ್ಯಾಜುವಲ್ಟಿ ನರ್ಸ್, ಡ್ಯೂಟಿ ಮುಗಿಸಿ ಬಂದ್ರೆ ಮಾತೇ ಆಡಲ್ಲ, ಏನ್ ಮಾಡೋದು?

ನೀವು ಕೇಳಿರೋದು ಇಷ್ಟು: ತಂಗಿ ಪುಣೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಸ್ಟಾಫ್ ನರ್ಸ್, ಮನೆಗೆ ಬಂದ್ರೆ ಯಾರ ಹತ್ರಾನೂ ಮಾತಿಲ್ಲ, ಸಣ್ಣ ಸಣ್ಣದಕ್ಕೂ ರೇಗ್ತಾಳೆ, ಕೆಲಸ ಬಿಡ್ತೀನಿ ಅಂತಾಳೆ, ಆಸ್ಪತ್ರೆಯವರು ಒಂದು ದಿನ ಯೋಗ ಕ್ಲಾಸ್ ಇಟ್ರಂತೆ ಅದ್ರಿಂದ ಏನೂ ಆಗ್ಲಿಲ್ಲ, ಇವಳ ಮನಸ್ಸೇ ಗಟ್ಟಿ ಇಲ್ವೇನೋ ಅಂತ. ನಾನೂ ಪುಣೆಯಲ್ಲೇ, ಕ್ಯಾಜುವಲ್ಟಿಯಲ್ಲೇ ಶಿಫ್ಟ್ ಇನ್‌ಚಾರ್ಜ್, ಊರು ವಿಜಯಪುರದ ಕಡೆ. ಮನಸ್ಸು ಗಟ್ಟಿ ಇದೆಯಾ ಇಲ್ವಾ ಅನ್ನೋದನ್ನ ದಯವಿಟ್ಟು ಪಕ್ಕಕ್ಕಿಡಿ. ಮೊದ್ಲು ಅವಳ ರೋಸ್ಟರ್, ಅಂದ್ರೆ ಯಾವತ್ತು ಯಾವ ಶಿಫ್ಟ್ ಅನ್ನೋ ಡ್ಯೂಟಿ ಪಟ್ಟಿ, ಕೇಳಿ ನೋಡಿ.

ಹೊರಗಿನವರು ಏನಂದ್ಕೊಳ್ತಾರೆ ಅಂದ್ರೆ ರಕ್ತ, ಆಕ್ಸಿಡೆಂಟು, ಸಾವು ನೋಡಿ ನೋಡಿ ನಾವು ಸೋತು ಹೋಗ್ತೀವಿ ಅಂತ. ಹಾಗಲ್ಲ. ಇಲ್ಲಿನ ಹೈವೇಯ ನವಲೆ ಬ್ರಿಜ್ ಇಳಿಜಾರಲ್ಲಿ ಟ್ರಕ್ ನುಗ್ಗಿ ನಾಲ್ಕೈದು ಜನ ಒಟ್ಟಿಗೆ ಬಂದ ದಿನ ಇಡೀ ಆಸ್ಪತ್ರೆ ಕೆಳಗಿಳಿದು ಬರುತ್ತೆ, ಸರ್ಜನ್, ಅನೆಸ್ತೇಷಿಯಾ, ಬ್ಲಡ್ ಬ್ಯಾಂಕು ಎಲ್ಲಾ ಓಡಿ ಬರ್ತಾರೆ, ಯಾರು ಏನ್ ಮಾಡ್ಬೇಕು ಅನ್ನೋದು ಎಲ್ಲರಿಗೂ ಗೊತ್ತು, ಅಂಥ ದಿನ ಮೈ ಹಣ್ಣಾದ್ರೂ ಮನೆಗೆ ಬಂದು ನಿದ್ದೆ ಮಾಡ್ತೀವಿ. ನಮ್ಮನ್ನ ತಿಂದು ಹಾಕೋದು ಬೇರೇನೇ ಇದೆ. ಮೇಲೆ ಐಸಿಯು ಬೆಡ್ ಖಾಲಿ ಇಲ್ಲ ಅಂತ ವೆಂಟಿಲೇಟರ್ ಪೇಷಂಟ್ ಬೆಳಗಿನವರೆಗೂ ಕ್ಯಾಜುವಲ್ಟಿಯಲ್ಲೇ ಉಳಿದು ಬಿಡೋದು. ಐಸಿಯುನಲ್ಲಾದ್ರೆ ಆ ಒಬ್ಬರಿಗೇ ಒಬ್ಬ ನರ್ಸ್ ಬೇಕು, ಇಲ್ಲಿ ಅದೇ ನರ್ಸ್ ಅವರ ಗಂಟಲಿನ ಕಫ ತೆಗೆಯೋ ಸಕ್ಷನ್ ಮಾಡ್ತಾ, ಔಷಧಿ ಪಂಪ್ ನೋಡ್ತಾ, ಪಕ್ಕದ ಎದೆನೋವಿಗೆ ಇಸಿಜಿ ತೆಗೀತಾ, ವಿಷ ಕುಡಿದು ಬಂದವರ ಎಮ್‌ಎಲ್‌ಸಿ (ಪೊಲೀಸರಿಗೆ ಬೇಕಾದ ದಾಖಲೆ) ಬರೀತಾ, ಇದೆಲ್ಲದರ ಮಧ್ಯೆ ಬಿಲ್ಲಿಂಗ್‌ನವರು ಕೊಡ್ಬೇಕಾದ ಉತ್ತರಾನೂ ಸಂಬಂಧಿಕರಿಗೆ ತಾನೇ ಕೊಡ್ತಾ ನಿಂತಿರ್ತಾಳೆ. ಡಬ್ಬಿ ತೆರೆಯೋಕೂ ಪುರುಸೊತ್ತಿರಲ್ಲ. ಹಂಗೆ ನಿಂತವಳಿಗೆ ಮರುದಿನ ಯೋಗ ಹೇಳ್ಕೊಟ್ರೆ ಏನಾಗುತ್ತೆ ಹೇಳಿ, ಅದೂ ನೈಟ್ ಮುಗಿಸಿ ಮಲಗ್ಬೇಕಾದ ಹೊತ್ತಲ್ಲಿ.

ನಿಮ್ಮ ತಂಗಿ ಕನ್ನಡದವಳು ಅಂದ್ರೆ ಇನ್ನೊಂದು ಭಾರ ಇರಬಹುದು, ಅದು ರೋಸ್ಟರ್‌ನಲ್ಲೂ ಕಾಣಲ್ಲ. ಪುಣೆಯ ಸೈಟ್‌ಗಳಲ್ಲಿ ಕೆಲಸ ಮಾಡೋರು ಎಷ್ಟೋ ಜನ ಕಲಬುರಗಿ, ಯಾದಗಿರಿ, ನಮ್ಮ ವಿಜಯಪುರದ ಕಡೆಯವರು, ಸ್ಲ್ಯಾಬ್ ಮೇಲಿಂದ ಬಿದ್ದು ಬಂದ್ರೆ ಜೊತೇಲಿ ಬಂದವರಿಗೆ ಮರಾಠಿ ಅಷ್ಟಕ್ಕಷ್ಟೇ. ಆಗ ಎಲ್ಲಾ ಕಡೆಯಿಂದ ಒಂದೇ ಕೂಗು, ಕನ್ನಡ ಸಿಸ್ಟರ್‌ನ ಕರೀರಿ. ನಮ್ಮಲ್ಲಿ ಒಂದ್ಸಲ ಒಬ್ಬ ತಾಯಿ, ಸೀರೆಗೆಲ್ಲ ಸಿಮೆಂಟು ಮೆತ್ಕೊಂಡಿತ್ತು, ನನ್ನ ಕೈ ಹಿಡ್ಕೊಂಡು "ಯವ್ವಾ, ನಮ್ಮ ಹುಡುಗ ಹೆಂಗದಾನ, ನೀ ಖರೇ ಹೇಳು" ಅಂದ್ಲು. ಹುಡುಗ ಹೋಗಿ ಅರ್ಧ ಗಂಟೆ ಆಗಿತ್ತು. ಡಾಕ್ಟರು ಹೇಳಬೇಕಾದ ಮಾತು ಅದು, ಆದ್ರೆ ಬಾಯಿ ನಂದು. ಹೇಳಿದ್ಮೇಲೆ ಆಕೆ ನನ್ನ ಎದೆಗೆ ತಲೆ ಕೊಟ್ಟು ಅತ್ತಳು, ಹಿಂದಿನಿಂದ ಆಗ್ಲೇ ಇನ್ನೊಂದು ಟ್ರಾಲಿ ಒಳಗೆ ಬಂತು, ಕೈ ಬಿಡಿಸ್ಕೊಂಡು ಹೋಗ್ಲೇಬೇಕಾಯ್ತು. ಆವತ್ತಿಂದ ನಮ್ಮಲ್ಲಿ ನಾನೊಂದು ಪಟ್ಟು ಹಿಡಿದಿದ್ದೀನಿ: ಡಾಕ್ಟರು ಪಕ್ಕದಲ್ಲಿ ನಿಲ್ಬೇಕು, ಅವರು ಹೇಳಿದ್ದನ್ನ ಮಾತ್ರ ಕನ್ನಡದಲ್ಲಿ ಹೇಳ್ತೀನಿ, ಆಮೇಲೆ ಹತ್ತು ನಿಮಿಷ ನನ್ನ ಬೆಡ್‌ಗಳನ್ನ ಬೇರೆಯವರು ನೋಡ್ಬೇಕು. ನಿಮ್ಮ ತಂಗೀನ ಕೇಳಿ, ಇಂಥ ಮಾತು ಅವಳೊಬ್ಬಳ ಮೇಲೇ ಬೀಳ್ತಿದೆಯಾ ಅಂತ.

ಆ ಹತ್ತು ನಿಮಿಷ ಸಣ್ಣದು ಅಲ್ಲ. ಅಮೆರಿಕಾದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಅಂತ ಒಬ್ಬ ನರ್ಸ್ ಒಂದು ಪದ್ಧತಿ ಶುರು ಮಾಡಿದ್ರು, ಪೇಷಂಟ್ ತೀರಿಕೊಂಡ ತಕ್ಷಣ ಡಾಕ್ಟರು, ನರ್ಸು, ಅಲ್ಲಿದ್ದವರೆಲ್ಲ ಒಂದು ನಿಮಿಷದೊಳಗೆ ಮುಗಿಯೋ ಹಾಗೆ ಸುಮ್ನೆ ನಿಲ್ಲೋದು, ಆ ಮನುಷ್ಯನಿಗೂ ಪ್ರಯತ್ನ ಪಟ್ಟವರಿಗೂ ಗೌರವ ಕೊಟ್ಟು. ನಮ್ಮ ಶಿಫ್ಟ್‌ನಲ್ಲಿ ನಾವೂ ಮಾಡ್ತೀವಿ, ಟ್ರಾಲಿ ತಳ್ಳೋ ಮಾಮಾ, ಕ್ಲೀನ್ ಮಾಡೋ ಮಾವಶಿ ಕೂಡ ನಿಲ್ತಾರೆ. ದುಡ್ಡು ಖರ್ಚಿಲ್ಲ, ಯಾರ ಪರ್ಮಿಷನ್ನೂ ಬೇಕಿಲ್ಲ.

ಕೆಲಸದಿಂದ ಹೀಗೆ ಸೋತು ಹೋಗೋದಕ್ಕೆ ಬರ್ನ್‌ಔಟ್ ಅಂತಾರಲ್ಲ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಸಿಡಿ-11 ಅನ್ನೋ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಬರ್ನ್‌ಔಟನ್ನ ಕಾಯಿಲೆ ಅಂತ ಸೇರಿಸಿಲ್ಲ, ಕೆಲಸದ ಜಾಗಕ್ಕೆ ಸಂಬಂಧಪಟ್ಟಿದ್ದು ಅಂತ ಬರೆದಿದೆ. ನಿಮ್ಮ ಮನೆಯವರಿಗೆ ಇದನ್ನ ಓದಿ ಹೇಳಿ. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್, ಸೂಸನ್ ಜ್ಯಾಕ್ಸನ್ ಅಂತ ಇಬ್ಬರು ಇದನ್ನ ಅಳೆಯೋ ಪ್ರಶ್ನಾವಳಿ ಮಾಡಿದ್ರು, ಅದ್ರಲ್ಲಿ ನೋಡೋದು ಮೂರು: ಒಳಗಿಂದ ಬರಿದಾಗೋದು, ಪೇಷಂಟನ್ನ ಮನುಷ್ಯ ಅಂತ ನೋಡೋದೇ ನಿಂತು ಹೋಗೋದು, ನಾನು ಮಾಡೋದ್ರಿಂದ ಏನೂ ಉಪಯೋಗ ಇಲ್ಲ ಅನ್ಸೋದು. ಎರಡನೇದು ಮನೆಯವರಿಗೆ ಕಾಣೋದು ಕಷ್ಟ, ಜೊತೆಯವರಿಗೆ ಬೇಗ ಕಾಣುತ್ತೆ. ಹೆಸರು ಹಿಡಿದು ಮಾತಾಡಿಸ್ತಿದ್ದ ಹುಡುಗಿ "ನಾಲ್ಕನೇ ಬೆಡ್ ಪಾಯ್ಸನ್‌ದು ಏನಾಯ್ತು" ಅನ್ನೋಕೆ ಶುರು ಮಾಡಿದ್ರೆ ನಾನು ಅವಳ ನೈಟ್ ಎಷ್ಟಾಗಿದೆ ಅಂತ ನೋಡ್ತೀನಿ.

ಡಾಕ್ಟರುಗಳದ್ದೂ ಇದೇ ಕಥೆ, ಅವರ ಮೇಲೂ ಸಿಟ್ಟಾಗ್ಬೇಡಿ. ರೆಸಿಡೆಂಟ್‌ಗಳಿಗೆ, ಅಂದ್ರೆ ಆಸ್ಪತ್ರೆಯಲ್ಲೇ ತರಬೇತಿಯಲ್ಲಿರೋ ಡಾಕ್ಟರುಗಳಿಗೆ, ಸಾಮಾನ್ಯವಾಗಿ ಒಂದೇ ಸಮ 12 ಗಂಟೆಗಿಂತ ಹೆಚ್ಚು ಡ್ಯೂಟಿ ಬೇಡ, ವಾರಕ್ಕೆ 48 ಗಂಟೆ ಅಂತ ಕೇಂದ್ರದ ರೆಸಿಡೆನ್ಸಿ ಸ್ಕೀಮ್ 1992ರಲ್ಲೇ ಹೇಳಿತ್ತು. 2024ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್‌ನ ಟಾಸ್ಕ್ ಫೋರ್ಸ್ ವಾರಕ್ಕೆ 74 ಗಂಟೆ ದಾಟಬಾರದು ಅಂತ ಶಿಫಾರಸು ಮಾಡ್ಬೇಕಾಯ್ತು, ಅಂದ್ರೆ ವಾರ್ಡ್‌ಗಳಲ್ಲಿ ನಡೀತಿರೋದು ಏನು ಅಂತ ನೀವೇ ಊಹಿಸ್ಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಮೇಲೆ ಕೂಗಾಡೋ ಡಾಕ್ಟರು ಹಿಂದಿನ ದಿನ ಬೆಳಿಗ್ಗೆಯಿಂದ ಕೂತೇ ಇರಲ್ಲ ಎಷ್ಟೋ ಸಲ.

ಇನ್ನು ಹೊಡೆದಾಟದ ಭಯ. ಯಾರಾದ್ರೂ ಕೈ ಮಾಡಿದ್ದಾರಾ, ಬಾಯಿಗೆ ಬಂದಂಗೆ ಬೈದಿದ್ದಾರಾ ಅಂತ ತಂಗೀನ ಮೆಲ್ಲಗೆ ಕೇಳಿ, ಸುಮಾರು ಜನ ಮನೇಲಿ ಹೇಳಲ್ಲ, ಹೇಳಿದ್ರೆ ಕೆಲಸ ಬಿಡಿಸ್ತಾರೆ ಅಂತ. ಮಹಾರಾಷ್ಟ್ರದಲ್ಲಿ 2010ರ ಕಾನೂನು ಇದೆ, ಆಸ್ಪತ್ರೆ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದ್ರೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ, ಜಾಮೀನು ರಹಿತ. ಆದ್ರೆ ದೂರು ಕೊಡೋಕೆ ನರ್ಸ್ ಒಬ್ಬಳನ್ನೇ ಠಾಣೆಗೆ ಕಳಿಸ್ಬಾರದು, ಆಸ್ಪತ್ರೆ ಆಡಳಿತ ಮುಂದೆ ನಿಂತು ಕೊಡ್ಬೇಕು, ಅದನ್ನ ಕೇಳೋದ್ರಲ್ಲಿ ಸಂಕೋಚ ಬೇಡ. ಬಟ್ಟೆ ಬದಲಿಸೋ ರೂಮಿಗೆ ಚಿಲಕ, ದಾರೀಲಿ ಲೈಟು ಇದೆಯಾ ಅಂತಾನೂ ಕೇಳಿ. ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬೈ ಕೆಇಎಮ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ರು, 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬೇಸ್‌ಮೆಂಟ್‌ನಲ್ಲಿ ಬಟ್ಟೆ ಬದಲಿಸೋಕೆ ಹೋದಾಗಲೇ ಅವರ ಮೇಲೆ ಹಲ್ಲೆ ಆಗಿದ್ದು, ಅದರಿಂದ ಹಾಸಿಗೆ ಹಿಡಿದವರನ್ನ 2015ರ ಮೇ 18ರಂದು ತೀರಿಕೊಳ್ಳೋವರೆಗೂ ಅದೇ ಆಸ್ಪತ್ರೆ ನರ್ಸ್‌ಗಳು ಮನೆ ಮಗಳ ಹಾಗೆ ನೋಡ್ಕೊಂಡ್ರು. ಇಷ್ಟು ವರ್ಷ ಆದ್ಮೇಲೂ ಚಿಲಕ ಇಲ್ಲದ ಚೇಂಜಿಂಗ್ ರೂಮ್ ಇದೆ ಅಂತ ಜೊತೆಯವರು ಹೇಳಿದಾಗ ನನಗೆ ಹೊಟ್ಟೆ ಉರಿಯುತ್ತೆ.

ಮನೇಲಿ ನೀವು ಮಾಡೋದು ಅಂದ್ರೆ, ನೈಟ್ ಮುಗಿಸಿ ಬಂದಾಗ "ಇವತ್ತು ಏನಾಯ್ತು" ಅಂತ ಬಾಗಿಲಲ್ಲೇ ಕೇಳ್ಬೇಡಿ. ಬಿಸಿ ಏನಾದ್ರೂ ಕೊಡಿ, ರೂಮು ಕತ್ತಲೆ ಮಾಡಿ, ಮಲಗೋಕೆ ಬಿಡಿ, ಫೋನು ಕೊರಿಯರ್ ಎಲ್ಲಾ ನೀವು ನೋಡ್ಕೊಳ್ಳಿ. ಮಾತು ಸಂಜೆ ಬರುತ್ತೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನ್ನೋ ಥರ ಮಾತಾಡಿದ್ರೆ ಮಾತ್ರ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, 24 ಗಂಟೆ ಇರುತ್ತೆ, ಕನ್ನಡದಲ್ಲೂ ಮಾತಾಡಬಹುದು, ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡು ಹೋಗಿ.

ಕೆಲಸ ಬಿಡೋದಕ್ಕಿಂತ ಮೊದ್ಲು ನರ್ಸ್‌ಗಳ ಮುಖ್ಯಸ್ಥೆ ಮೇಟ್ರನ್‌ಗೆ ಒಂದು ಪತ್ರ ಕೊಡಲಿ, ಬಾಯಲ್ಲಿ ಹೇಳಿದ್ದು ನಿಲ್ಲಲ್ಲ. ಮೂರು ಕೇಳಿದ್ರೆ ಸಾಕು: ನೈಟ್‌ಗಳಾದ್ಮೇಲೆ ಸರಿಯಾಗಿ ಆಫ್, ಶಿಫ್ಟ್ ಬದಲಾಗೋದು ಮಾರ್ನಿಂಗ್, ಆಫ್ಟರ್‌ನೂನ್, ನೈಟ್ ಅನ್ನೋ ಕ್ರಮದಲ್ಲಿ (ಉಲ್ಟಾ ಹಾಕಿದ್ರೆ ಮೈ ಒಗ್ಗಲ್ಲ), ಮತ್ತೆ ಸ್ವಲ್ಪ ತಿಂಗಳು ಡಯಾಲಿಸಿಸ್ಸೋ ಒಪಿಡಿನೋ ಕಡೆ ಬದಲಿ. ಬದಲಿ ತಗೊಂಡು ಹೋಗಿ ಮತ್ತೆ ಕ್ಯಾಜುವಲ್ಟಿಗೆ ಇಷ್ಟಪಟ್ಟು ವಾಪಸ್ ಬಂದವರು ನಮ್ಮಲ್ಲೇ ಇದ್ದಾರೆ. ಮುಂದಿನ ತಿಂಗಳ ರೋಸ್ಟರ್ ಹಾಕೋಕೆ ಮುಂಚೆ ಪತ್ರ ಮೇಟ್ರನ್ ಕೈ ಸೇರಲಿ, ಒಂದು ಕಾಪಿ ಮೇಲೆ ಸಹಿ ಹಾಕಿಸ್ಕೊಂಡು ಮನೇಲಿಟ್ಕೊಳ್ಳಿ. ಪತ್ರ ಹೇಗೆ ಬರೀಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಇಲ್ಲೇ ಕೇಳಿ, ನಾನು ಬರೆದು ಹಾಕ್ತೀನಿ.