ಜೋಳದ ಹೊಲದ ಹಕ್ಕಿ ಹಿಂಡಿಗೆ ಮುಂದಾಳು ಯಾರು?

ಪ್ರಶ್ನೆ: ಸರ್, ಜ್ವಾಳ ತೆನಿ ಕಟ್ಟೋ ಹೊತ್ತಿಗೆ ನಮ್ಮ ಹೊಲಕ್ಕ ತಲಿ ಕರಿ, ಮೈ ಗುಲಾಬಿ ಇರೋ ಹಕ್ಕಿ ಸಾವಿರಗಟ್ಟಲೆ ಬರ್ತಾವ. ಸಂಜಿಮುಂದ ಇಡೀ ಹಿಂಡು ಒಮ್ಮೆಲೇ ಹೊಳ್ಳತದ. ಮುಂದಾಳು ಹಕ್ಕಿ ಯಾವ್ದು? ಅದನ್ನ ಹೊಡದ್ರ ಹಿಂಡು ಚದುರತದೇನು? ಎಂಎಸ್ಸಿ ಫಿಸಿಕ್ಸ್ ಓದೋ ನನ್ನ ತಮ್ಮ 'ಇದು ಅಯಸ್ಕಾಂತದ ಲೆಕ್ಕ' ಅಂತಾನ. ಖರೇನಾ?
— ಓದುಗರು, ಸೇಡಂ

ಉತ್ತರ: ಮುಕ್ಕಾಲು ಪಾಲು ಖರೇ. ಕಬ್ಬಿಣದ ಪರಮಾಣುಗಳನ್ನು ಪುಟ್ಟ ಬಾಣಗಳೆಂದುಕೊಳ್ಳಿ. ಪ್ರತಿ ಬಾಣವೂ ನೆರೆಯ ಬಾಣಗಳ ದಿಕ್ಕಿಗೇ ತಿರುಗಲು ನೋಡುತ್ತದೆ, ಶಾಖ ಅದನ್ನು ಅಲುಗಿಸುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಗ್ಗಟ್ಟು ಮುರಿದು ಕಾಂತತ್ವ ಹೋಗುತ್ತದೆ.

1995ರಲ್ಲಿ ಹಂಗೇರಿಯ ಭೌತವಿಜ್ಞಾನಿ ತಮಾಶ್ ವಿಚೆಕ್ ಮತ್ತು ಸಂಗಡಿಗರು ಈ ಬಾಣಗಳನ್ನು ಕಂಪ್ಯೂಟರಿನಲ್ಲಿ ಹಾರಲು ಬಿಟ್ಟರು. ಎಲ್ಲಕ್ಕೂ ಒಂದೇ ವೇಗ. ಪ್ರತಿಯೊಂದೂ ಒಂದು ಗೊತ್ತಾದ ಅಂತರದೊಳಗಿನವರ ಸರಾಸರಿ ದಿಕ್ಕು ಹಿಡಿಯಬೇಕು, ಜೊತೆಗೆ ಒಂದಿಷ್ಟು ತಪ್ಪು. ಶಾಖದ ಪಾತ್ರ ಇಲ್ಲಿ ಆ ತಪ್ಪಿನದು. ತಪ್ಪು ಕಡಿಮೆಯಾದರೆ ಅಥವಾ ಸಂದಣಿ ಹೆಚ್ಚಿದರೆ ದಿಕ್ಕೆಟ್ಟು ಅಲೆಯುತ್ತಿದ್ದವೆಲ್ಲ ಒಂದೇ ಕಡೆ ಹೊರಡುತ್ತವೆ. ಮುಂದಾಳು ಬೇಕಾಗುವುದೇ ಇಲ್ಲ.

ಉಳಿದ ಕಾಲು ಪಾಲು ನನಗೆ ಹೆಚ್ಚು ಇಷ್ಟ. ಎತ್ತ ಬೇಕಾದರೂ ತಿರುಗಬಲ್ಲ ಬಾಣಗಳು ಒಂದು ಸಮತಲದಲ್ಲಿ ನಿಂತಲ್ಲೇ ನಿಂತಿದ್ದರೆ, ತುಸು ಶಾಖವಿದ್ದರೂ ದೊಡ್ಡ ಹರವಿನಲ್ಲಿ ಅವುಗಳ ಒಮ್ಮತ ಉಳಿಯದು. ಹಾರುವ ಬಾಣಗಳಲ್ಲಿ ಉಳಿಯುತ್ತದೆ! ಜಾನ್ ಟೋನರ್ ಮತ್ತು ಯುಹೈ ತೂ ಅದೇ ವರ್ಷ ಇದಕ್ಕೆ ಸಿದ್ಧಾಂತ ಕೊಟ್ಟರು: ಚಲಿಸುತ್ತ ನೆರೆಹೊರೆ ಬದಲಾಗುವುದರಿಂದ ಸುದ್ದಿ ದೂರದವರೆಗೆ ತಲುಪುತ್ತದೆ. ಇಂಥದ್ದು ಅಯಸ್ಕಾಂತದಲ್ಲಿಲ್ಲ, ತಮ್ಮನಿಗೆ ಹೇಳಿ.

ನಿಜವಾದ ಹಕ್ಕಿಗಳು ಇನ್ನೂ ಜಾಣ. ರೋಮ್ ನಗರದ ಸ್ಟಾರ್ಲಿಂಗ್ (ಮೈನಾ ಬಳಗದ ಹಕ್ಕಿ) ಹಿಂಡುಗಳ ಫೋಟೊ ತೆಗೆದು ಅಳೆದ ತಂಡ 2008ರಲ್ಲಿ ಹೇಳಿದ್ದು: ಪ್ರತಿ ಹಕ್ಕಿ ಗಮನಿಸುವುದು ಅತಿ ಸಮೀಪದ ಆರೇಳು ಹಕ್ಕಿಗಳನ್ನು, ಅವು ಎಷ್ಟೇ ದೂರವಿರಲಿ. ವಿಚೆಕ್ ಇಟ್ಟಿದ್ದ ಅಂತರದ ಮಿತಿ ಅಲ್ಲಿ ಹೊಂದಲಿಲ್ಲ. ಗಿಡುಗ ನುಗ್ಗಿ ಹಿಂಡು ಹಿಗ್ಗಿದರೂ ಕೊಂಡಿ ಕಳಚದಿರುವುದು ಹೀಗೆ. ಆ ತಂಡದಲ್ಲಿದ್ದ ಜಾರ್ಜಿಯೊ ಪಾರಿಸಿ ಅವರಿಗೆ 2021ರಲ್ಲಿ ನೊಬೆಲ್ ಬಂತು, ಮುಖ್ಯವಾಗಿ ಬೇರೆ ಕೆಲಸಕ್ಕೆ.

ಇನ್ನು ಹೊಡೆಯುವ ಮಾತು. ರೋಮಿನ ಹಿಂಡುಗಳಲ್ಲಿ ತಿರುವು ಕೆಲವೇ ಹಕ್ಕಿಗಳಿಂದ ಶುರುವಾಗಿ ಸೆಕೆಂಡಿಗೆ 20ರಿಂದ 40 ಮೀಟರ್ ವೇಗದಲ್ಲಿ ಹರಡುತ್ತದೆ. ನಿಮ್ಮ ಕಣ್ಣಿಗೆ 'ಒಮ್ಮೆಲೇ' ಕಾಣುವುದು ಅದಕ್ಕೆ. ಒಂದನ್ನು ಹೊಡೆದರೆ ಪಕ್ಕದ್ದು ತಿರುಗುತ್ತದೆ, ಅಷ್ಟೆ. ನಿಮ್ಮವು ಮಧ್ಯ ಏಷ್ಯಾ ಕಡೆಯಿಂದ ಬರುವ ಗುಲಾಬಿ ಮೈನಾ ಇರಬೇಕು, ಸ್ಟಾರ್ಲಿಂಗ್ ಬಳಗದವೇ. ತೆನೆ ಕಾಯಲು ತಗಡು ಬಡಿಯಿರಿ, ಕೂಗು ಹಾಕಿರಿ. ಕೊಲ್ಲುವುದು ಬೇಡ, ಇವು ಮಿಡತೆಯನ್ನೂ ತಿನ್ನುತ್ತವೆ.