ನೀವು ಕೇಳಿದಿರಿ: ಒಂದೇ ವಿಷಯ ಹಿಡಿಯಬೇಕೋ, ಎರಡನ್ನು ಜೋಡಿಸಬೇಕೋ?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಜೀವಶಾಸ್ತ್ರವೂ ಇಷ್ಟ, ಕಂಪ್ಯೂಟರೂ ಇಷ್ಟ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಕೊಡಿಸಿದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದೆ, ಯಾವುದಾದರೂ ಒಂದನ್ನೇ ಹಿಡಿಯಲಿ ಎನ್ನುತ್ತಾರೆ ನೆಂಟರು. ಏನು ಮಾಡಲಿ?
– ಒಬ್ಬ ತಾಯಿ, ಶಿರಸಿ

ಉತ್ತರ: ಪಿಸಿಎಂಬಿ ಕೊಡಿಸಿ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಆ ವಿಷಯ ಓದಿರಲೇಬೇಕೆಂದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ಸಾಕು. ಪ್ರೋಗ್ರಾಮಿಂಗನ್ನು ಡಿಗ್ರಿಯಲ್ಲಿ ಮೊದಲಿನಿಂದಲೇ ಹೇಳಿಕೊಡುತ್ತಾರೆ. ಜೀವಶಾಸ್ತ್ರ ಹಾಗಲ್ಲ. ಈಗ ಬಿಟ್ಟರೆ ವೈದ್ಯಕೀಯ, ಪಶುವೈದ್ಯಕೀಯದ ದಾರಿಗೆ ಮತ್ತೆ ಬರುವುದು ಕಷ್ಟ. ಪಿಯುಸಿ ಆದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಕೂರಲು 2023ರಲ್ಲಿ ಅವಕಾಶ ಕೊಟ್ಟಿದ್ದಾರೆ, ಆದರೆ ಅದು ಸುತ್ತುದಾರಿ.

ಪಿಸಿಎಂಬಿ ಮಕ್ಕಳು ಎಡವುವುದು ಬೇರೆ ಕಡೆ. ನೀಟ್‌ನಲ್ಲಿ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದ್ದು, ಗಣಿತದ್ದು ಒಂದೂ ಇಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತ, ರಸಾಯನ, ಗಣಿತದ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಜೀವಶಾಸ್ತ್ರದ ಅಂಕ ಲೆಕ್ಕಕ್ಕೇ ಇಲ್ಲ. ಹೀಗಾಗಿ ನೀಟ್ ಕೋಚಿಂಗ್ ಶುರುವಾದ ಕೂಡಲೇ ಗಣಿತ ಹಿಂದೆ ಬೀಳುತ್ತದೆ. ಅವಕಲನ, ಸಮಾಕಲನ ಅರ್ಧಂಬರ್ಧವಾದರೆ ನಷ್ಟ ಎಂಜಿನಿಯರಿಂಗಿಗೆ ಮಾತ್ರವಲ್ಲ. ರಕ್ತದಲ್ಲಿ ಔಷಧದ ಪ್ರಮಾಣ ಹೇಗೆ ಇಳಿಯುತ್ತದೆ, ಒಂದು ಜೀವಿಯ ಸಂಖ್ಯೆ ಹೇಗೆ ಏರುತ್ತದೆ ಎಂಬುದನ್ನು ಮುಂದೆ ಓದುವಾಗ ಅದೇ ಗಣಿತ ಎದುರಾಗುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಗಣಿತಕ್ಕೆಂದೇ ತೆಗೆದಿಡಲಿ. ಮುಖ್ಯ ಪರೀಕ್ಷೆ ನೀಟೋ ಸಿಇಟಿಯೋ ಎಂಬುದನ್ನು ದ್ವಿತೀಯ ಪಿಯುವಿನ ದಸರಾ ಹೊತ್ತಿಗೆ ಅವಳೇ ತೀರ್ಮಾನಿಸಲಿ.

ಪ್ರಶ್ನೆ: ಬಿಎಸ್‌ಸಿ ಕೊನೆಯ ವರ್ಷ, ಸಸ್ಯಶಾಸ್ತ್ರ ಓದುತ್ತಿದ್ದೇನೆ. ಇದನ್ನೇ ನೆಚ್ಚಿಕೊಂಡರೆ ಕೆಲಸ ಸಿಗದು, ಆರು ತಿಂಗಳ ಡೇಟಾ ಸೈನ್ಸ್ ಕೋರ್ಸ್ ಮಾಡು ಎಂದು ಎಲ್ಲರೂ ಹೇಳುತ್ತಾರೆ. ಮಾಡಲೇ?
– ಓದುಗ, ಹಾವೇರಿ

ಉತ್ತರ: ಬರೀ ಆ ಸರ್ಟಿಫಿಕೇಟ್ ಹಿಡಿದು ಸಂದರ್ಶನಕ್ಕೆ ಹೋದರೆ, ನಾಲ್ಕು ವರ್ಷ ಅದನ್ನೇ ಓದಿದ ಎಂಜಿನಿಯರುಗಳ ಜೊತೆ ಪೈಪೋಟಿ. ಅಲ್ಲಿ ನಿಮ್ಮ ಮೂರು ವರ್ಷದ ಸಸ್ಯಶಾಸ್ತ್ರಕ್ಕೆ ಬೆಲೆ ಬರುವುದಿಲ್ಲ. ಸಸ್ಯಶಾಸ್ತ್ರವನ್ನು ಕೈಬಿಡದೆ ಅದಕ್ಕೆ ಸಂಖ್ಯಾಶಾಸ್ತ್ರ ಜೋಡಿಸಿ. ಬೀಜ ಕಂಪನಿಯ ಪ್ರಯೋಗ ತಾಕಿನಲ್ಲಿ, ಕೃಷಿ ಸಂಶೋಧನೆಯಲ್ಲಿ, ಕಾಡಿನ ಸಮೀಕ್ಷೆಯಲ್ಲಿ ಬೇಕಾಗಿರುವುದು ಈ ಜೋಡಿ.

ಏಕೆಂದು ಒಂದು ಉದಾಹರಣೆಯಲ್ಲಿ ನೋಡಿ. ಎರಡು ಗೊಬ್ಬರಗಳನ್ನು ಹೋಲಿಸಬೇಕು. ಒಂದೊಂದಕ್ಕೆ 3 ಕುಂಡ, ಪ್ರತಿ ಕುಂಡದಲ್ಲಿ 10 ಸಸಿ. ಎತ್ತರ ಅಳೆದರೆ ಒಟ್ಟು 60 ಅಂಕಿ ಸಿಗುತ್ತವೆ. ಹಾಗೆಯೇ ಸಾಫ್ಟ್‌ವೇರಿಗೆ ಹಾಕಿದರೆ ಅದು ಗೊಬ್ಬರಕ್ಕೆ 30 ಮಾದರಿ ಎಂದು ಎಣಿಸಿ, ಇಲ್ಲದ ವ್ಯತ್ಯಾಸವನ್ನೂ ಇದೆ ಎಂದು ತೋರಿಸಬಹುದು. ಆದರೆ ಗೊಬ್ಬರ ಹಾಕಿದ್ದು ಕುಂಡಕ್ಕೆ, ಸಸಿಗಲ್ಲ. ಒಂದು ಕುಂಡದ ಹತ್ತೂ ಸಸಿಗಳು ಒಂದೇ ಮಣ್ಣು, ಒಂದೇ ನೀರು, ಒಂದೇ ಮೂಲೆಯ ಬಿಸಿಲಿನಲ್ಲಿ ಬೆಳೆದಿವೆ. ನಿಜವಾದ ಮಾದರಿ ಗೊಬ್ಬರಕ್ಕೆ 3 ಮಾತ್ರ. ಪ್ರೋಗ್ರಾಮಿಂಗ್ ಅಷ್ಟೇ ಬಲ್ಲವರ ಕಣ್ಣಿಗೆ ಫೈಲಿನಲ್ಲಿ ಕುಂಡ ಕಾಣುವುದಿಲ್ಲ. ಸಸ್ಯಶಾಸ್ತ್ರವಷ್ಟೇ ಬಲ್ಲವರಿಗೆ ಕುಂಡ ಗೊತ್ತು, ಅದು ಲೆಕ್ಕವನ್ನು ಕೆಡಿಸುವ ಬಗೆ ಗೊತ್ತಿರುವುದಿಲ್ಲ. ಎರಡೂ ತಿಳಿದವರು ಸಸಿ ನೆಡುವ ಮೊದಲೇ ಕುಂಡದ ಸಂಖ್ಯೆ ಹೆಚ್ಚಿಸಿ, ಕುಂಡಕ್ಕೆ ಸಸಿ ಕಡಿಮೆ ಮಾಡುತ್ತಾರೆ.

ಇಂಥ ಎಡವಟ್ಟು ದೊಡ್ಡ ಪ್ರಯೋಗಾಲಯಗಳಲ್ಲೂ ಆಗಿದೆ. ‘ಸೆಪ್ಟ್2’, ‘ಮಾರ್ಚ್1’ ಎಂಬ ಜೀನ್‌ಗಳ ಹೆಸರನ್ನು ಎಕ್ಸೆಲ್ ದಿನಾಂಕ ಎಂದುಕೊಂಡು ತಾನಾಗಿಯೇ ಬದಲಿಸುತ್ತಿತ್ತು, ತಪ್ಪು ಪಟ್ಟಿಗಳು ಸಂಶೋಧನಾ ಪ್ರಬಂಧಗಳಲ್ಲೇ ಅಚ್ಚಾದವು. ಕೊನೆಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಅವನ್ನು ಸೆಪ್ಟಿನ್2, ಮಾರ್ಚ್‌ಎಫ್1 ಎಂದು ಬದಲಿಸಬೇಕಾಯಿತು. 2020ರ ಮಾರ್ಗಸೂಚಿಯಲ್ಲಿ ಇದು ದಾಖಲಾಗಿದೆ.

ಕಲಿಯುವ ಕ್ರಮ ಹೀಗಿರಲಿ. ಮೊದಲು ಸರಾಸರಿ, ಮಾನಕ ವಿಚಲನೆ, ಟಿ-ಟೆಸ್ಟ್, ಅನೋವಾ (ಇವೆರಡೂ ಗುಂಪುಗಳ ಸರಾಸರಿ ಹೋಲಿಸುವ ವಿಧಾನ), ರಿಗ್ರೆಷನ್ (ಅಳತೆಗಳ ನಡುವಿನ ನಂಟು ಲೆಕ್ಕಹಾಕುವ ವಿಧಾನ). ಆಮೇಲೆ ಉಚಿತವಾಗಿ ಸಿಗುವ ‘ಆರ್’ ಭಾಷೆ. ಅಭ್ಯಾಸಕ್ಕೆ ನಿಮ್ಮದೇ ಪ್ರಾಜೆಕ್ಟಿನ ಅಂಕಿಅಂಶ ಬಳಸಿ. ಒಂದು ಅಳತೆಗೆ ಒಂದು ಸಾಲು, ಒಂದು ಗುಣಕ್ಕೆ ಒಂದು ಕಾಲಂ. ‘12 ಸೆಂ.ಮೀ.’ ಎಂದು ಕೋಶದೊಳಗೆ ಬರೆಯಬೇಡಿ, ‘ಸೆಂ.ಮೀ.’ ಎಂಬ ಅಳತೆಮಾನವನ್ನು ಕಾಲಂ ತಲೆಗೆ ಹಾಕಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಅದನ್ನು ಸಂಖ್ಯೆ ಎಂದು ಓದುವುದಿಲ್ಲ. ಬಣ್ಣ ಬಳಿದು ಗುರುತು ಮಾಡುವುದೂ ಬೇಡ. ವಾರಕ್ಕೆ ಆರು ಗಂಟೆ ಸಿಕ್ಕರೆ ಎರಡು ಗಂಟೆ ಪಾಠಕ್ಕೆ, ಉಳಿದ ನಾಲ್ಕು ನಿಮ್ಮ ಅಂಕಿಅಂಶದ ಮೇಲೆ ಕೆಲಸಕ್ಕೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ 8 ಮತ್ತು 12 ವಾರಗಳ ಕೋರ್ಸ್‌ಗಳನ್ನು ಉಚಿತವಾಗಿ ಕಲಿಯಬಹುದು, ಪರೀಕ್ಷೆಗೆ ಮಾತ್ರ ಶುಲ್ಕ. ಅಂತಿಮ ಅಂಕದಲ್ಲಿ ಅಸೈನ್‌ಮೆಂಟ್ 25, ಪರೀಕ್ಷೆ 75. ಅಸೈನ್‌ಮೆಂಟ್ ಪೂರ್ತಿ ಬಿಟ್ಟು ಪರೀಕ್ಷೆಯೊಂದನ್ನೇ ಬರೆದರೆ ಸರ್ಟಿಫಿಕೇಟ್ ಬರುವುದಿಲ್ಲ.

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರ್, ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಬೇರೆ ವಿಷಯಕ್ಕೆ ಹೊರಳಲು ತಡವಾಯಿತೇ?
– ಓದುಗ, ಪೀಣ್ಯ

ಉತ್ತರ: ತಡವಾಗಿಲ್ಲ. ವೆಂಕಿ ರಾಮಕೃಷ್ಣನ್ 1976ರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಎರಡು ವರ್ಷ ಜೀವಶಾಸ್ತ್ರ ಓದಿದರು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ರಚನೆಯ ಕೆಲಸಕ್ಕೆ 2009ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರು ಎರಡನೆಯ ವಿಷಯವನ್ನು ಮೇಲೆಮೇಲೆ ಓದಿಕೊಳ್ಳಲಿಲ್ಲ, ಅದಕ್ಕೆ ಪೂರ್ತಿ ಸಮಯ ಕೊಟ್ಟರು. ನನಗೆ ಮುಖ್ಯವೆನಿಸುವುದು ಇದು.

ನಿಮ್ಮ ಮಟ್ಟಿಗೆ, ಕೈಲಿರುವ ವಿದ್ಯೆಗೆ ತಾಗಿಕೊಂಡಿರುವ ವಿಷಯ ಆರಿಸಿ. ಯಂತ್ರದ ಕಂಪನ ಅಳೆದು ಬೇರಿಂಗ್ ಕೆಡುವುದನ್ನು ಮೊದಲೇ ಹೇಳುವ ಕೆಲಸ ಅಂಥದ್ದು. ದೋಷದ ಸದ್ದು 5,000 ಹರ್ಟ್ಸ್‌ನಲ್ಲಿದ್ದರೆ (ಅಂದರೆ ಸೆಕೆಂಡಿಗೆ 5,000 ಕಂಪನ) ಅದರ ಎರಡು ಪಟ್ಟಿಗಿಂತ, ಎಂದರೆ ಸೆಕೆಂಡಿಗೆ 10,000ಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸೆಕೆಂಡಿಗೊಂದು ಅಳತೆ ಇಟ್ಟರೆ ಎಂಥ ಪ್ರೋಗ್ರಾಂ ಬರೆದರೂ ಆ ದೋಷ ಅದರಲ್ಲಿ ಕಾಣದು. ಬೇರಿಂಗ್ ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲ.

ಎಂ.ಟೆಕ್. ಯೋಚನೆಯಿದ್ದರೆ, ಅದರ ಪ್ರವೇಶ ಪರೀಕ್ಷೆಯಾದ ಗೇಟ್‌ನಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆ ಇದೆ. ನಿಗದಿತ ಜೋಡಿಗಳಲ್ಲಿ ಎರಡು ಪತ್ರಿಕೆ ಬರೆಯಬಹುದು, ಅಂಕಕ್ಕೆ ಮೂರು ವರ್ಷ ಮಾನ್ಯತೆ. ಸೇರಬೇಕೆಂದಿರುವ ಸಂಸ್ಥೆಯ ಪ್ರವೇಶ ಕೈಪಿಡಿಯಲ್ಲಿ ಮೆಕ್ಯಾನಿಕಲ್ ಪದವಿಗೆ ಅವಕಾಶವಿದೆಯೇ ಎಂದು ಮೊದಲು ನೋಡಿ, ಆಮೇಲೆ ಪತ್ರಿಕೆ ಆರಿಸಿ. ಇದನ್ನು ಹಿಂದುಮುಂದು ಮಾಡಿದರೆ ಒಳ್ಳೆಯ ಅಂಕ ಬಂದರೂ ಅರ್ಜಿ ಹಾಕಲಾಗದು.

ಪ್ರಶ್ನೆ: ಬಿಕಾಂ ಜೊತೆಗೆ ಇನ್ನೊಂದು ಡಿಗ್ರಿ ಮಾಡಬಹುದೇ?
– ಓದುಗಿ, ತುಮಕೂರು

ಉತ್ತರ: ಮಾಡಬಹುದು. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಏಪ್ರಿಲ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಎರಡನ್ನೂ ಕಾಲೇಜಿಗೆ ಹೋಗಿಯೇ ಓದುವುದಾದರೆ ತರಗತಿಯ ವೇಳೆ ಒಂದರ ಮೇಲೊಂದು ಬರಬಾರದು; ಇಲ್ಲವೇ ಒಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಮಾಡಬೇಕು. ಪಿಎಚ್‌.ಡಿ.ಗೆ ಈ ಅವಕಾಶ ಅನ್ವಯಿಸುವುದಿಲ್ಲ. ಶುಲ್ಕ ಕಟ್ಟುವ ಮೊದಲು ಎರಡೂ ವಿಶ್ವವಿದ್ಯಾಲಯಗಳ ಪರೀಕ್ಷಾ ವೇಳಾಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ತರಗತಿ ಹೊಂದಿದರೂ ಪರೀಕ್ಷೆಯ ದಿನಗಳು ಡಿಕ್ಕಿ ಹೊಡೆಯುವುದುಂಟು.