ಪೇಂಟ್‌ಬಾಲ್ ಆಡೋಕೆ ಜೀನ್ಸ್ ಸಾಕಾ, ದಪ್ಪ ಜಾಕೆಟ್ ಬೇಕಾ?

ಮಾರ್ಚ್ ಕೊನೆಗೆ ಚಿಕ್ಕಬಳ್ಳಾಪುರದ ಹತ್ತಿರದ ರೆಸಾರ್ಟ್‌ನಲ್ಲಿ ಆಫೀಸಿನವರೆಲ್ಲ ಸೇರಿ ಪೇಂಟ್‌ಬಾಲ್ ಆಡ್ತೀರಿ, ಏಟು ಜೋರಾಗಿ ಬೀಳುತ್ತೆ ಅಂತ ಕೇಳಿ ದಪ್ಪ ಜಾಕೆಟ್ ಕೊಳ್ಳೋ ಯೋಚನೆಯಲ್ಲಿದ್ದೀರಿ ಅಂತ ಬರೆದಿದ್ದೀರಿ. ಬಣ್ಣ ತುಂಬಿದ ಪುಟ್ಟ ಬಾಲ್‌ಗಳನ್ನು ಗನ್‌ನಿಂದ ಎದುರಾಳಿಗೆ ಹೊಡೆಯೋ ಆಟ ಇದು, ಏಟು ಬೀಳೋದು ನಿಜ. ಆದರೂ ಜಾಕೆಟ್ ಕೊಳ್ಳಬೇಡಿ. ಆ ಬಿಸಿಲಲ್ಲಿ ಅದು ಏಟಿಗಿಂತ ದೊಡ್ಡ ಅಪಾಯ ತರುತ್ತೆ.

ಹೇಗೆ ಅಂದ್ರೆ, ದಪ್ಪ ಬಟ್ಟೆ ಹಾಕಿಕೊಂಡು ಹತ್ತು ನಿಮಿಷ ಓಡಾಡಿದರೆ ಮೈಯೆಲ್ಲ ಬೆವರು. ಬೆವರು, ಏದುಸಿರು ಎರಡೂ ಸೇರಿ ಆಟದಲ್ಲಿ ಮುಖಕ್ಕೆ ಹಾಕೋ ಮಾಸ್ಕಿನ ಒಳಗೆ ಆವಿ ತುಂಬಿ ಲೆನ್ಸ್ ಮಬ್ಬಾಗುತ್ತೆ. ಎದುರಿಗಿರೋರು ಕಾಣದೇ ಇದ್ದಾಗ ಕೈ ತಾನಾಗೇ ಮಾಸ್ಕ್ ಎತ್ತೋಕೆ ಹೋಗುತ್ತೆ. ಈ ಆಟದಲ್ಲಿ ಕಣ್ಣು ಕಳೆದುಕೊಳ್ಳೋದು ಆ ಕ್ಷಣದಲ್ಲೇ. ಸಾಮಾನ್ಯ ಬಾಲ್‌ನ ಅಳತೆ 0.68 ಇಂಚು, ಅಂದ್ರೆ ಸುಮಾರು 17 ಮಿ.ಮೀ., ತೂಕ ಸುಮಾರು 3 ಗ್ರಾಂ. ಬಾಲ್‌ನ ವೇಗಕ್ಕೆ ಸೆಕೆಂಡಿಗೆ 300 ಅಡಿ ಅನ್ನೋದು ಸಾಮಾನ್ಯವಾಗಿ ಬಳಕೆಯಲ್ಲಿರೋ ಮೇಲ್ಮಿತಿ, ಗಂಟೆಗೆ 330 ಕಿ.ಮೀ. ಹತ್ತಿರ. ಕಣ್ಣಿನ ಗುಳಿಯೊಳಗೆ ನೇರವಾಗಿ ಹೊಕ್ಕುವಷ್ಟು ಚಿಕ್ಕದು ಆ ಬಾಲ್. ಮೈಗೆ ಬಿದ್ದರೆ ಬಾಸುಂಡೆ ಎದ್ದು ಕೆಲವು ದಿನಕ್ಕೆ ಮಾಯುತ್ತೆ, ಕಣ್ಣಿಗೆ ಬಿದ್ದರೆ ಮಾಯಲ್ಲ. ಹಾಗಾಗಿ ಯಾವ ಬಟ್ಟೆ ಆರಿಸಿದರೂ, ಇದನ್ನು ಹಾಕಿಕೊಂಡು ಆಟ ಮುಗಿಯೋವರೆಗೂ ಮಾಸ್ಕ್ ತೆಗೆಯದೇ ಇರೋಕೆ ಆಗುತ್ತಾ ಅಂತ ಮೊದಲು ಯೋಚಿಸಿ.

ಸೊಂಟದಿಂದ ಮೇಲಕ್ಕೆ ಎರಡು ತೆಳು ಪದರ ಸಾಕು. ಒಳಗೆ ಬೆವರು ಬೇಗ ಆರೋ ಪಾಲಿಯೆಸ್ಟರ್ ಜೆರ್ಸಿ, ಕ್ರಿಕೆಟ್ ಆಡೋರು ಹಾಕ್ತಾರಲ್ಲ ಅಂಥದ್ದು. ಮೇಲೆ ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದಾದ ಹಳೆಯ ತುಂಬುತೋಳಿನ ಅಂಗಿ. ದಪ್ಪಕ್ಕಿಂತ ಸಡಿಲ ಮುಖ್ಯ. ಬಾಲ್ ಬಡಿದಾಗ ಸಡಿಲ ಬಟ್ಟೆ ಮೊದಲು ತಾನು ಒಳಕ್ಕೆ ಸರಿದು ಏಟಿನ ಸ್ವಲ್ಪ ಭಾಗ ನುಂಗುತ್ತೆ. ಮೈಗೆ ಅಂಟಿದ ಬಟ್ಟೆ ಏಟನ್ನು ಹಾಗೇ ಚರ್ಮಕ್ಕೆ ದಾಟಿಸುತ್ತೆ. ಸ್ಕಿನ್ನಿ ಜೀನ್ಸ್ ಬೇಡ ಅನ್ನೋದೂ ಇದಕ್ಕೇ, ಜೊತೆಗೆ ಅದರಲ್ಲಿ ಮಂಡಿಯೂರಿ ಕೂರೋದೂ ಕಷ್ಟ. ಲೆಗ್ಗಿಂಗ್ಸ್ ಒಂದನ್ನೇ ಹಾಕಿಕೊಂಡು ಹೋಗೋದಂತೂ ಬೇಡವೇ ಬೇಡ. ದೊಗಲೆ ಟ್ರ್ಯಾಕ್ ಪ್ಯಾಂಟ್ ಅಥವಾ ಕಾರ್ಗೋ, ಒಳಗೆ ನೀ ಪ್ಯಾಡ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಆ ಕಡೆಯ ನೆಲ ಗರಸು, ಕಲ್ಲು. ಮಂಡಿ ಸುಲಭವಾಗಿ ತರಚಿಕೊಳ್ಳುತ್ತೆ.

ರೆಸಾರ್ಟಿನವರೇ ಮೇಲುಡುಪು ಕೊಡ್ತಾರಾ ಅಂತ ಮುಂಚೆ ಫೋನ್ ಮಾಡಿ ಕೇಳಿ. ಕೊಡೋದಾದರೆ ಎರಡನೇ ಪದರ ಬಿಟ್ಟು ಜೆರ್ಸಿ ಮೇಲೇ ಅದನ್ನು ಹಾಕಿಕೊಳ್ಳಿ. ಮಾಸ್ಕಿನ ಲೆನ್ಸ್ ಎರಡು ಪದರದ್ದಾ ಅಂತಲೂ ಕೇಳಿ, ಅಂಥದ್ದು ಬೇಗ ಮಬ್ಬಾಗಲ್ಲ. ಕನ್ನಡಕ ಹಾಕೋರು ಇದ್ದರೆ ಕನ್ನಡಕದ ಮೇಲೆ ಕೂರೋ ಮಾಸ್ಕ್ ಇದೆಯಾ ಅನ್ನೋದನ್ನು ಮರೆಯದೇ ವಿಚಾರಿಸಿ. ಮಾಸ್ಕ್ ಕಣ್ಣು, ಕಿವಿ, ಬಾಯಿ ಮೂರನ್ನೂ ಮುಚ್ಚಬೇಕು. ಬರೀ ಕಣ್ಣಿಗಷ್ಟೇ ಗಾಗಲ್ ಕೊಟ್ಟರೆ ಆಡಬೇಡಿ, ದುಡ್ಡು ಕಟ್ಟಿದ್ದರೂ ಸರಿ.

ಜನ ಮರೆಯೋ ಜಾಗ ಕುತ್ತಿಗೆ. ಅಲ್ಲಿ ಚರ್ಮ ತೆಳು, ಮಾಸ್ಕ್ ಅಲ್ಲಿಗೆ ತಲುಪಲ್ಲ. ತೆಳು ಟವಲ್ಲನ್ನು ಒಂದು ಸುತ್ತು ಸುತ್ತಿ ಎರಡೂ ತುದಿಯನ್ನು ಅಂಗಿಯೊಳಗೆ ತುರುಕಿ. ದುಪಟ್ಟಾ ಇಳಿಬಿಟ್ಟರೆ ಪೊದೆಗೆ ಸಿಕ್ಕಿ ಕುತ್ತಿಗೆ ಎಳೆಯುತ್ತೆ. ಸರ, ಓಲೆ ಬಿಚ್ಚಿಡಿ, ತಾಳಿ ತೆಗೆಯದವರು ಬನಿಯನ್ ಒಳಗೆ ಸೇರಿಸಿಕೊಳ್ಳಲಿ. ಗಾಜಿನ ಬಳೆ ಮಾತ್ರ ಬಿಚ್ಚಲೇಬೇಕು, ಒಡೆದ ಚೂರು ಮಣಿಕಟ್ಟಿಗೆ ಹೊಕ್ಕುತ್ತೆ. ಬೆರಳ ಗೆಣ್ಣಿನ ಮೇಲಿನ ಏಟು ತುಂಬಾ ನೋಯುತ್ತೆ. ಗನ್ ಹಿಡಿದ ಕೈ ಯಾವಾಗಲೂ ಮುಂದಿರೋದ್ರಿಂದ ಅಲ್ಲಿಗೇ ಬೀಳೋದೂ ಜಾಸ್ತಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ, ಅಂಗೈಗೆ ರಬ್ಬರ್ ಚುಕ್ಕಿ ಇರೋ ಹತ್ತಿಯ ಗ್ಲೌಸ್ ಈ ಕೆಲಸಕ್ಕೆ ಸಾಕು. ತಲೆಗೆ ಹಳೆಯ ಕ್ಯಾಪನ್ನು ಹಿಂದುಮುಂದಾಗಿ ಹಾಕಿ, ಅದರ ಮೇಲೆ ಮಾಸ್ಕಿನ ಪಟ್ಟಿ ಬಿಗಿಯಿರಿ. ಉದ್ದ ಕೂದಲಿದ್ದರೆ ಕೆಳಗೆ ಕಟ್ಟಿ, ತುರುಬು ಎತ್ತರಕ್ಕಿದ್ದರೆ ಪಟ್ಟಿ ಜಾರುತ್ತೆ. ಗಂಡಸರು ಕ್ರಿಕೆಟ್ ಗಾರ್ಡ್ ಹಾಕಿಕೊಳ್ಳಿ, ನಾಚಿಕೆಪಡೋ ವಿಷಯವಲ್ಲ. ಹೆಂಗಸರಿಗೆ ಪ್ಯಾಡ್ ಇರೋ ಸ್ಪೋರ್ಟ್ಸ್ ಬ್ರಾ, ಅದರ ಮೇಲೆ ರೆಸಾರ್ಟಿನ ಎದೆಗವಚ.

ಕಾಲಿಗೆ ಚಪ್ಪಲಿ, ಕ್ರಾಕ್ಸ್, ತೆಳು ಅಡಿಯ ಕ್ಯಾನ್ವಾಸ್ ಯಾವುದೂ ಬೇಡ. ಜಾಲಿ ಮುಳ್ಳು ಅಂಥ ಅಡಿಯನ್ನು ಸೀಳಿಕೊಂಡು ಬರುತ್ತೆ. ಮೈದಾನ ನೀಲಗಿರಿ ತೋಪಿನೊಳಗಿದ್ದರೆ ಒಣಗಿದ ಎಲೆ ಮೇಲೆ ಸವೆದ ಶೂ ಜಾರುತ್ತೆ. ಗಟ್ಟಿ ಅಡಿಯ, ಹಿಡಿತ ಇರೋ ಶೂ, ಕಣಕಾಲು ಮುಚ್ಚೋ ಕಾಲುಚೀಲ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣ್ಣೆಯ ಬಟ್ಟೆಗೆ ಉತ್ತರಾಣಿ ಮೆತ್ತಿಕೊಂಡರೆ ಬಿಡಿಸೋಕೆ ಅರ್ಧ ದಿನ ಬೇಕು, ನುಣುಪು ಬಟ್ಟೆಗೆ ಅಷ್ಟು ಹತ್ತಲ್ಲ.

ಬಣ್ಣ ಯಾವುದಾದರೂ ನಡೆಯುತ್ತೆ. ಸೈನ್ಯದ ಸಮವಸ್ತ್ರದಂಥ ಬಟ್ಟೆಗೆ ದುಡ್ಡು ಸುರಿಯೋ ಅಗತ್ಯ ಇಲ್ಲ, ಹಾಕಿಕೊಂಡು ಓಡಾಡೋದೂ ಸರಿಯಲ್ಲ. ಜೇಬಿನಿಂದ ಮೊಬೈಲ್, ಬೀಗದ ಕೈ ತೆಗೆದಿಡಿ, ಏಟು ಬಿದ್ದರೆ ಸ್ಕ್ರೀನ್ ಹೋಗುತ್ತೆ, ಬೀಗದ ಕೈ ತೊಡೆಗೆ ಚುಚ್ಚುತ್ತೆ.

ಕಲೆಯ ಬಗ್ಗೆಯೂ ಕೇಳಿದ್ದೀರಿ. ಬಾಲ್‌ನ ಹೊರಕವಚ ಜೆಲಟಿನ್, ಒಳಗಿರೋದು ನೀರಲ್ಲಿ ಕರಗೋ ಬಣ್ಣ. ಒಣಗೋ ಮೊದಲು ತಣ್ಣೀರಲ್ಲಿ ಜಾಲಿಸಿ ಆಮೇಲೆ ಸೋಪು ಹಾಕಿದರೆ ಹತ್ತಿ, ಪಾಲಿಯೆಸ್ಟರ್‌ನಿಂದ ಸಾಮಾನ್ಯವಾಗಿ ಹೋಗುತ್ತೆ. ಬಿಸಿನೀರು ಮೊದಲೇ ಬೇಡ. ರೇಷ್ಮೆ, ಉಣ್ಣೆ, ಲೆದರ್ ಮೇಲೆ ಮಾತ್ರ ಕಲೆ ಉಳಿಯಬಹುದು. ನಿಜವಾಗಿ ಕಾಡೋದು ಅಲ್ಲಿನ ಕೆಮ್ಮಣ್ಣು. ಅದರ ಕೆಂಪು ಕಬ್ಬಿಣದ್ದು, ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತೆ. ಮಣ್ಣು ಪೂರ್ತಿ ಒಣಗಲು ಬಿಡಿ, ಬ್ರಷ್‌ನಿಂದ ಕೊಡವಿ, ಆಮೇಲೆ ಡಿಟರ್ಜೆಂಟ್ ನೀರಲ್ಲಿ ನೆನೆಸಿ ಒಗೆಯಿರಿ. ವಾಪಸ್ ಬರೋಕೆ ಇನ್ನೊಂದು ಜೊತೆ ಬಟ್ಟೆ, ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಬಸ್ಸಿನಲ್ಲೇ ಇಟ್ಟಿರಿ.